ದೇವರಿಲ್ಲದವನ ಜೊತೆ ಏನು ಮಾತು?

1949ರ ಅಕ್ಟೋಬರ್ 17ರಂದು ದೆಹಲಿಯಲ್ಲಿ ದೇವರ ಹೆಸರು ಮತಕ್ಕೆ ಬಿತ್ತು. ಸಂವಿಧಾನ ರಚನಾ ಸಭೆ ಅಂದು ಪ್ರಸ್ತಾವನೆಯನ್ನು ಚರ್ಚೆಗೆ ಎತ್ತಿಕೊಂಡಿತ್ತು. ಪೀಠದಲ್ಲಿ ರಾಜೇಂದ್ರ ಪ್ರಸಾದ್. ಹರಿ ವಿಷ್ಣು ಕಾಮತ್ ಎದ್ದು ನಿಂತು, ‘ಭಾರತದ ಜನತೆಯಾದ ನಾವು’ ಎಂದು ಶುರುವಾಗುವ ವಾಕ್ಯಕ್ಕೆ ಮುಂಚೆ ‘ದೇವರ ಹೆಸರಿನಲ್ಲಿ’ ಎಂಬ ಮಾತು ಬರಬೇಕೆಂದು ತಿದ್ದುಪಡಿ ಮಂಡಿಸಿದರು. ಕಾಮತ್ ಮಂಗಳೂರಿನಲ್ಲಿ ಹುಟ್ಟಿದವರು. ಐಸಿಎಸ್ ಹುದ್ದೆಗೆ ರಾಜೀನಾಮೆ ಕೊಟ್ಟು ಸುಭಾಷ್‌ಚಂದ್ರ ಬೋಸರ ಜೊತೆಗೂಡಿದವರು. ಈ ಬೇಡಿಕೆ ಅವರ ಒಳಗಿನಿಂದ ಬಂದದ್ದು. ಇಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವಾಗ ದೇವರನ್ನು ನೆನೆಯದೆ ಹೇಗೆ ಎಂಬ ಕಳವಳ ಅವರನ್ನು ನಿಜವಾಗಿಯೂ ಕಾಡಿತ್ತು.

ಸಭೆ ತಬ್ಬಿಬ್ಬಾಯಿತು. ಅಸ್ಸಾಂನ ರೋಹಿಣಿ ಕುಮಾರ್ ಚೌಧರಿ, ದೇವರ ಹೆಸರು ಹಾಕುವುದಾದರೆ ದೇವಿಯ ಹೆಸರೂ ಇರಲಿ, ನಾವು ಕಾಮಾಖ್ಯೆಯ ಸೀಮೆಯ ಶಾಕ್ತರು ಎಂದರು. ಗೋವಿಂದ ಮಾಳವೀಯರು ಪರಮೇಶ್ವರನ ಕೃಪೆಯನ್ನು ನೆನೆಯುವ ಇನ್ನೂ ಉದ್ದನೆಯ ಒಕ್ಕಣೆ ತಂದಿದ್ದರು. ಪೂರ್ಣಿಮಾ ಬ್ಯಾನರ್ಜಿ ಕಾಮತರನ್ನೇ ಬೇಡಿಕೊಂಡರು: ದೇವರ ಮೇಲೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆ, ನಂಬುವ ಹಕ್ಕಿನಂತೆ ನಂಬದಿರುವ ಹಕ್ಕೂ ಮನುಷ್ಯನಿಗಿದೆ, ಈ ತಿದ್ದುಪಡಿ ಶ್ರದ್ಧೆಯ ವಿಷಯದಲ್ಲಿ ಬಲವಂತ ಮಾಡಿದಂತಾಗುತ್ತದೆ ಎಂದರು. ಹೃದಯನಾಥ ಕುಂಜ್ರೂ ಅವರ ಮಾತಂತೂ ನೇರವಾಗಿತ್ತು. ಇದೇ ಪ್ರಸ್ತಾವನೆ ವಿಚಾರ, ನಂಬಿಕೆ, ಶ್ರದ್ಧೆಗಳ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಡುತ್ತೇನೆ ಎನ್ನುತ್ತದೆ. ಅದರ ಮೊದಲ ಸಾಲಿನಲ್ಲೇ ಎಲ್ಲರ ಪರವಾಗಿ ಒಂದು ನಂಬಿಕೆಯನ್ನು ಘೋಷಿಸಿಬಿಟ್ಟರೆ ಆ ಮಾತಿಗೆ ಅರ್ಥವೆಲ್ಲಿ ಉಳಿಯಿತು?

ಕಾಮತ್ ಪಟ್ಟು ಬಿಡಲಿಲ್ಲ. ಕೈ ಎತ್ತಿಸಿ ಎಣಿಸಲಾಯಿತು. ಪರ 41, ವಿರೋಧ 68. ದೇಶದ ಚರಿತ್ರೆಯಲ್ಲಿ ಇದು ಕರಾಳ ದಿನ ಎಂದು ಕಾಮತ್ ನೊಂದು ನುಡಿದರು.

ಈ ಪ್ರಸಂಗವನ್ನು ಜಾತ್ಯತೀತರ ಗೆಲುವೆಂದೋ ಆಸ್ತಿಕರ ಸೋಲೆಂದೋ ಹೇಳುವುದುಂಟು. ನಡಾವಳಿ ಓದಿದರೆ ಹಾಗೆ ಅನಿಸುವುದಿಲ್ಲ. ಅಂದು ವಿರೋಧಿಸಿ ಮಾತಾಡಿದವರು ದೇವರಿಲ್ಲ ಎಂದು ವಾದಿಸಲಿಲ್ಲ. ನಂಬದವನ ಬಾಯಲ್ಲಿ ನಮ್ಮ ಮಾತನ್ನು ಇಡುವ ಅಧಿಕಾರ ನಮಗಿಲ್ಲ ಎಂದರು, ಅಷ್ಟೇ. ಆಸ್ತಿಕ–ನಾಸ್ತಿಕ ವಾದದಲ್ಲಿ ಗೌರವ ಎನ್ನುವುದು ಇಲ್ಲೇ ಇದೆ ಎಂದು ನಾನು ನಂಬಿದ್ದೇನೆ. ನಯವಾಗಿ ಮಾತಾಡುವುದು, ದನಿ ಏರಿಸದಿರುವುದು, ವಿಷಯವನ್ನೇ ಎತ್ತದೆ ಜಾರಿಕೊಳ್ಳುವುದು, ಇವೆಲ್ಲ ಶಿಷ್ಟಾಚಾರ. ಗೌರವ ಇದಕ್ಕಿಂತ ಕಷ್ಟದ್ದು. ಎದುರಿಗಿರುವವನು ‘ಇಲ್ಲ’ ಎಂದಾಗ ಅದನ್ನು ‘ಇಲ್ಲ’ ಎಂದೇ ಕೇಳಿಸಿಕೊಳ್ಳಬೇಕು, ‘ಇದ್ದಾನೆ’ ಎಂದಾಗ ‘ಇದ್ದಾನೆ’ ಎಂದೇ. ಒಳಗೊಳಗೆ ಇವನೂ ನಮ್ಮವನೇ ಎಂದುಕೊಳ್ಳುವ ಹಾಗಿಲ್ಲ. ಪಾಪ, ಹೆದರಿ ಹೀಗನ್ನುತ್ತಾನೆ ಎಂದು ಕನಿಕರಪಡುವ ಹಾಗೂ ಇಲ್ಲ.

ಗಡಿಗೆ, ಕುಂಬಾರ, ಹುತ್ತ

ಈ ವಾದಕ್ಕೆ ನಮ್ಮ ನೆಲದಲ್ಲಿ ಸಾವಿರಾರು ವರ್ಷದ ವಯಸ್ಸು. ಸೃಷ್ಟಿಕರ್ತ ಇದ್ದಾನೆ ಎಂದು ತರ್ಕದಿಂದಲೇ ಸಾಧಿಸಲು ಹೊರಟವರಲ್ಲಿ ನ್ಯಾಯಶಾಸ್ತ್ರದ ಪಂಡಿತರಾದ ನೈಯಾಯಿಕರು ಮುಂದಿನ ಸಾಲಿನವರು. ಗಡಿಗೆ ಒಂದು ಕಾರ್ಯ, ಅಂದರೆ ಮೊದಲು ಇಲ್ಲದೆ ಆಮೇಲೆ ಆದದ್ದು. ಅದಕ್ಕೆ ಕುಂಬಾರನೆಂಬ ಕರ್ತೃ ಇದ್ದಾನೆ. ಭೂಮಿ, ಗಿಡ, ಬೆಟ್ಟ ಇವೂ ಕಾರ್ಯಗಳೇ. ಹಾಗಾಗಿ ಇವಕ್ಕೂ ಬುದ್ಧಿಯುಳ್ಳ ಕರ್ತೃ ಇರಲೇಬೇಕು. ಅವರ ಅನುಮಾನ ಪ್ರಮಾಣದ ತಿರುಳು ಇಷ್ಟು.

ಬೌದ್ಧ ತಾರ್ಕಿಕ ಧರ್ಮಕೀರ್ತಿ ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಗಡಿಗೆ ಮಣ್ಣಿನದು, ಅದನ್ನು ಕುಂಬಾರ ಮಾಡಿದ. ಹುತ್ತವೂ ಮಣ್ಣಿನದೇ. ಹಾಗಾದರೆ ಹುತ್ತವನ್ನೂ ಕುಂಬಾರನೇ ಮಾಡಿದನೆ? ಎರಡು ವಸ್ತುಗಳಿಗೆ ಒಂದೇ ಹೆಸರು ಹೊಂದುತ್ತದೆ ಎಂದ ಮಾತ್ರಕ್ಕೆ ಎರಡಕ್ಕೂ ಒಂದೇ ಬಗೆಯ ಕಾರಣ ಇರಬೇಕಿಲ್ಲ. ಗಡಿಗೆಯ ಹಿಂದೆ ಕುಂಬಾರನನ್ನು ನಾವು ಊಹಿಸುವುದು ಗಡಿಗೆ ಮಾಡುವುದನ್ನು ಎಲ್ಲೋ ಕಂಡಿರುವುದರಿಂದ. ಲೋಕ ಮಾಡುವುದನ್ನು ಯಾರು ಕಂಡಿದ್ದಾರೆ? ನಾಗರ ಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ನಾಡಿನ ಓದುಗರಿಗೆ ಈ ಉದಾಹರಣೆಯ ಚುರುಕನ್ನು ಬಿಡಿಸಿ ಹೇಳಬೇಕಿಲ್ಲ.

ಕನ್ನಡ ನಾಡಿನಲ್ಲೂ ಈ ವಾದ ನಡೆದಿದೆ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಗುರುವಾಗಿದ್ದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಒಂದೊಂದೇ ಪ್ರಶ್ನೆ ಹಾಕಿ ಬಿಡಿಸಿದರು. ಲೋಕ ಹುಟ್ಟುವ ಮುಂಚೆ ಆ ಕರ್ತೃ ಎಲ್ಲಿದ್ದ? ಯಾವ ಸಾಮಗ್ರಿಯಿಂದ ಲೋಕ ಮಾಡಿದ? ಸಾಮಗ್ರಿಯನ್ನೇ ಮೊದಲು ಸೃಷ್ಟಿಸಿದ ಎಂದರೆ, ಅದನ್ನು ಸೃಷ್ಟಿಸಲು ಬೇಕಾದ ಸಾಮಗ್ರಿ ಯಾವುದು? ಅವನು ಪರಿಪೂರ್ಣನಾದರೆ ಸೃಷ್ಟಿಸುವ ಬಯಕೆ ಏಕೆ ಹುಟ್ಟಿತು? ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ 1980ರಲ್ಲಿ ‘ಕಾಸ್ಮೋಸ್’ ಬರೆದಾಗ ವಿಶ್ವದ ಆದಿಯನ್ನು ಚರ್ಚಿಸುವ ಅಧ್ಯಾಯದ ತಲೆಗೆ ಇಟ್ಟ ಮಾತುಗಳಲ್ಲಿ ಜಿನಸೇನರದೂ ಒಂದು. ಅಮೋಘವರ್ಷನ ಗುರು ಕೇಳಿದ ಪ್ರಶ್ನೆ ಸಾವಿರ ವರ್ಷ ಕಳೆದರೂ ಹಳತಾಗಿರಲಿಲ್ಲ.

ಜಿನಸೇನರ ಬಾಯಿ ಮೆತ್ತಗಿನದೇನಲ್ಲ, ಸೃಷ್ಟಿವಾದಿಗಳನ್ನು ಅವರು ಮೂಢರೆಂದೇ ಕರೆಯುತ್ತಾರೆ. ಆದರೂ ಎದುರಾಳಿ ಹೇಳದ್ದನ್ನು ಅವನ ತಲೆಗೆ ಕಟ್ಟುವುದಿಲ್ಲ. ಪೂರ್ವಪಕ್ಷವನ್ನು ಇಡಿಯಾಗಿ, ಅದರ ಬಲದೊಂದಿಗೇ ಮುಂದಿಟ್ಟು ಆಮೇಲೆ ಖಂಡಿಸುವುದು ಅಂದಿನ ಪದ್ಧತಿ. ನ್ಯಾಯಶಾಸ್ತ್ರ ಚರ್ಚೆಯನ್ನು ವಾದ, ಜಲ್ಪ, ವಿತಂಡೆ ಎಂದು ವಿಂಗಡಿಸಿದ್ದೂ ಇದೇ ಎಚ್ಚರದಿಂದ. ಸತ್ಯ ತಿಳಿಯಲು ನಡೆಸುವುದು ವಾದ, ಗೆಲ್ಲುವುದಕ್ಕೇ ನಡೆಸುವುದು ಜಲ್ಪ, ತನ್ನದೆಂಬ ನಿಲುವೇ ಇಲ್ಲದೆ ಎದುರಾಳಿಯನ್ನು ಕೆಡವುವುದು ವಿತಂಡೆ. ಅದೇ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ದ ಪದ್ಯವೊಂದು, ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತು ಎಂಬರ್ಥದ ಮಾತಾಡುತ್ತದೆ. ಸೈರಣೆಯ ಪದ್ಯ ಮತ್ತು ಸೃಷ್ಟಿಕರ್ತನ ಖಂಡನೆ ಒಂದೇ ಆಸ್ಥಾನದ ಆಶ್ರಯದಲ್ಲಿ ಬೆಳೆದವು ಎಂಬುದನ್ನು ನಮ್ಮ ಶಾಲೆಗಳಲ್ಲಿ ಜೊತೆಗಿಟ್ಟು ಹೇಳಿಕೊಡಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಸೃಷ್ಟಿಕರ್ತನ ಪರವಾಗಿ ಇದಕ್ಕೆಲ್ಲ ಉತ್ತರ ಕೊಡಲು ನಿಂತವರು ಮಿಥಿಲೆಯ ಉದಯನಾಚಾರ್ಯರು, ಹತ್ತು–ಹನ್ನೊಂದನೇ ಶತಮಾನದ ಆಸುಪಾಸಿನಲ್ಲಿ. ಅವರ ‘ನ್ಯಾಯಕುಸುಮಾಂಜಲಿ’ ಐದು ಸ್ತಬಕಗಳ ಗ್ರಂಥ. ಒಂದೊಂದು ಸ್ತಬಕವೂ ಒಂದೊಂದು ಬಗೆಯ ನಿರೀಶ್ವರವಾದಕ್ಕೆ ಉತ್ತರ. ಅವರ ಬಗ್ಗೆ ಒಂದು ಐತಿಹ್ಯವಿದೆ. ಪುರಿಗೆ ಹೋದಾಗ ಜಗನ್ನಾಥನ ಗುಡಿಯ ಬಾಗಿಲು ಮುಚ್ಚಿತ್ತಂತೆ. ಉದಯನರು ದೇವರನ್ನೇ ಗದರಿಸಿದರಂತೆ: ಐಶ್ವರ್ಯದ ಮದದಲ್ಲಿ ನನ್ನನ್ನು ಕಡೆಗಣಿಸುತ್ತೀಯೆ, ನಾಳೆ ಬೌದ್ಧರು ಎದುರು ಬಂದು ನಿಂತಾಗ ನಿನ್ನ ಇರವು ನನ್ನ ಕೈಯಲ್ಲೇ ಇರುತ್ತದೆ. ತರ್ಕದ ಮೇಲೆ ಇಷ್ಟು ಭರವಸೆ ಇಟ್ಟ ಭಕ್ತ ಸಿಗುವುದು ಅಪರೂಪ. ಗ್ರಂಥದ ಕೊನೆಯಲ್ಲಿ ಉದಯನರು ದೇವರಲ್ಲಿ ಮೊರೆಯಿಡುತ್ತಾರೆ. ಇಷ್ಟು ಯುಕ್ತಿ ಹೇಳಿದರೂ ಕರಗದ ಎದೆಗಳಿವೆ. ಆದರೆ ನಿನ್ನನ್ನು ಅಲ್ಲಗಳೆಯಲಿಕ್ಕಾದರೂ ಅವರು ನಿನ್ನನ್ನೇ ಗಾಢವಾಗಿ ಚಿಂತಿಸಿದ್ದಾರಲ್ಲ, ಕಾಲ ಬಂದಾಗ ಅವರನ್ನೂ ಕೈಹಿಡಿ ಎಂಬುದು ಆ ಮೊರೆಯ ಭಾವ.

ಇದನ್ನು ಓದಿ ಮನಸ್ಸು ತುಂಬಿಬಂದದ್ದು ನಿಜ. ಆದರೆ ಬೌದ್ಧನೊಬ್ಬ ಇದನ್ನು ಓದಿದ್ದರೆ, ನಾನು ಚಿಂತಿಸಿದ್ದು ದೇವರನ್ನಲ್ಲ, ನಿಮ್ಮ ವಾದವನ್ನು ಎನ್ನುತ್ತಿದ್ದ. ಎದುರಾಳಿಯ ಮೇಲಿನ ಪ್ರೀತಿಯೇ ಅವನ ನಿಲುವನ್ನು ಅವನಿಂದ ಕಿತ್ತುಕೊಳ್ಳುವುದುಂಟು.

ಇಲ್ಲಿ ಎರಡೇ ಬಣಗಳಿದ್ದವು ಎಂದುಕೊಳ್ಳುವುದೂ ತಪ್ಪು. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರಿಗಿಂತ ದೊಡ್ಡ ಆಸ್ತಿಕರನ್ನು ಎಲ್ಲಿಂದ ತರೋಣ? ಅವರೇ ಶ್ರೀಭಾಷ್ಯದಲ್ಲಿ, ‘ಶಾಸ್ತ್ರಯೋನಿತ್ವಾತ್’ ಎಂಬ ಸೂತ್ರದ ವಿವರಣೆಯಲ್ಲಿ, ನೈಯಾಯಿಕರ ಈಶ್ವರಾನುಮಾನವನ್ನು ಎಳೆಎಳೆಯಾಗಿ ಹರಿದುಹಾಕುತ್ತಾರೆ. ದೊಡ್ಡ ಕಟ್ಟಡ ಕಂಡರೆ ಅದನ್ನು ಕಟ್ಟಿದವನು ಒಬ್ಬನೇ ಎಂದು ಹೇಗೆ ಹೇಳುತ್ತೀರಿ? ಎಲ್ಲವೂ ಒಂದೇ ಸಲ ಹುಟ್ಟಿತು ಎನ್ನಲು ಆಧಾರವೇನು? ನಾವು ಕಂಡ ಕರ್ತೃಗಳೆಲ್ಲ ದೇಹವುಳ್ಳವರು, ಹಾಗಾದರೆ ನಿಮ್ಮ ಈಶ್ವರನಿಗೂ ದೇಹ ಬೇಕಲ್ಲವೆ? ದೇವರು ಶಾಸ್ತ್ರದಿಂದಲೇ ತಿಳಿಯಬೇಕಾದವನು, ಊಹೆಗೆ ಸಿಕ್ಕುವವನಲ್ಲ ಎಂಬುದು ಅವರ ಸಿದ್ಧಾಂತ. ನಾಸ್ತಿಕನ ಆಯುಧಗಳಲ್ಲಿ ಅರ್ಧದಷ್ಟು ಈ ಪರಮ ಭಕ್ತರ ಬತ್ತಳಿಕೆಯಲ್ಲೂ ಇವೆ. ವೇದವನ್ನು ಪ್ರಾಣದಂತೆ ಕಾಯ್ದ ಮೀಮಾಂಸಕ ಕುಮಾರಿಲ ಭಟ್ಟರು ಇನ್ನೂ ಮುಂದೆ ಹೋಗಿ, ಸೃಷ್ಟಿಕರ್ತನನ್ನೇ ಒಪ್ಪಲಿಲ್ಲ. ಕರುಣೆಯಿಂದ ಸೃಷ್ಟಿಸಿದ ಎನ್ನುತ್ತೀರಿ. ಜೀವಿಗಳೇ ಇಲ್ಲದಾಗ ಕರುಣೆ ಯಾರ ಮೇಲೆ? ಕರುಣೆಯೇ ಕಾರಣವಾಗಿದ್ದರೆ ಲೋಕದಲ್ಲಿ ಸುಖ ಮಾತ್ರ ಇರಬೇಕಿತ್ತಲ್ಲವೆ?

ನನಗೆ ಕೊನೆಗೂ ಉಳಿಯುವುದು ಕುಮಾರಿಲರ ಈ ಪ್ರಶ್ನೆಯೇ. ಗಡಿಗೆ–ಕುಂಬಾರರ ವಾದದಲ್ಲಿ ಇಬ್ಬರಿಗೂ ಸಮನಾದ ಪಟ್ಟುಗಳಿವೆ; ಏನೂ ಇಲ್ಲದಿರುವ ಬದಲು ಏನೋ ಒಂದು ಏಕಿದೆ ಎಂದು ಆಸ್ತಿಕ ಕೇಳಿದಾಗ ನಾಸ್ತಿಕನೂ ತಡವರಿಸಬೇಕು. ನೋವಿನ ಪ್ರಶ್ನೆ ಹಾಗಲ್ಲ. ಅದನ್ನು ಹೊತ್ತವರು ಪಂಡಿತರೇ ಆಗಬೇಕಿಲ್ಲ.

ತೊಂಬತ್ತರ ಹರೆಯದಲ್ಲಿ ಒಂದು ಪುಸ್ತಕ

1948ರ ಜನವರಿ 28ರಂದು ಬಿಬಿಸಿ ರೇಡಿಯೊ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಮತ್ತು ಜೆಸ್ಯೂಟ್ ಪಾದ್ರಿ ಫ್ರೆಡರಿಕ್ ಕೋಪ್ಲ್‌ಸ್ಟನ್ ಅವರ ನಡುವಿನ ಚರ್ಚೆಯನ್ನು ಪ್ರಸಾರ ಮಾಡಿತು. ಜಗತ್ತಿನಾದ್ಯಂತ ಕಾಲೇಜುಗಳಲ್ಲಿ ಇಂದಿಗೂ ಓದಿಸುವ ಚರ್ಚೆ ಅದು. ಅದರ ಮೊದಲ ಒಂದೆರಡು ನಿಮಿಷಗಳು ನನಗೆ ಮುಖ್ಯ. ಪಾದ್ರಿ ವಾದಕ್ಕಿಳಿಯುವ ಮುಂಚೆ, ದೇವರು ಎಂದರೆ ಇಬ್ಬರೂ ಏನನ್ನು ಒಪ್ಪಿಕೊಳ್ಳೋಣ ಎಂದು ಕೇಳಿ ಇತ್ಯರ್ಥ ಮಾಡಿಕೊಳ್ಳುತ್ತಾರೆ. ಆಮೇಲೆ, ದೇವರಿಲ್ಲ ಎಂದು ಸಾಧಿಸಬಹುದು ಎಂಬುದು ನಿಮ್ಮ ನಿಲುವೊ, ಅಥವಾ ಗೊತ್ತಿಲ್ಲ ಎಂಬುದೊ ಎಂದು ರಸೆಲ್ಲರನ್ನೇ ವಿಚಾರಿಸುತ್ತಾರೆ. ಗೊತ್ತಿಲ್ಲ ಎಂಬುದು ನನ್ನ ನಿಲುವು ಎನ್ನುತ್ತಾರೆ ರಸೆಲ್. ಎದುರಾಳಿಯ ನಿಲುವನ್ನು ಅವನ ಬಾಯಿಂದಲೇ ಕೇಳಿ ತಿಳಿದುಕೊಳ್ಳುವುದು ಎಷ್ಟು ಸರಳ, ಎಷ್ಟು ವಿರಳ.

ಕನ್ನಡದಲ್ಲಿ ಈ ಸಂಯಮ ಕಾಣಬೇಕೆಂದರೆ ಎ.ಎನ್. ಮೂರ್ತಿರಾಯರ ‘ದೇವರು’ ಓದಬೇಕು. 1900ರಲ್ಲಿ ಹುಟ್ಟಿದ ಮೂರ್ತಿರಾಯರು ತಮಗೆ ದೇವರಲ್ಲಿ ನಂಬಿಕೆ ಏಕಿಲ್ಲ ಎಂಬುದನ್ನು ಪುಸ್ತಕವಾಗಿಸಿದಾಗ ತೊಂಬತ್ತು ದಾಟಿದ್ದರು. 1991ರಲ್ಲಿ ಅದು ಬಂತು. ಆ ವಯಸ್ಸಿನಲ್ಲಿ ಮನುಷ್ಯ ದೇವರ ಕಡೆ ತಿರುಗುತ್ತಾನೆ ಎಂಬ ನಮ್ಮ ಊರೊಟ್ಟಿನ ನಂಬಿಕೆಗೆ ಅವರು ಬಗ್ಗಲಿಲ್ಲ. ಲಲಿತ ಪ್ರಬಂಧಕಾರರ ಗದ್ಯ ಅದು. ಯಾರನ್ನೂ ಚುಚ್ಚದೆ, ಆದರೆ ಎಲ್ಲೂ ಹಿಂಜರಿಯದೆ ಸಾಗುತ್ತದೆ. ಆ ಕೃತಿಗೆ ಪಂಪ ಪ್ರಶಸ್ತಿ ಬಂತು. ಪಂಪನ ‘ಆದಿಪುರಾಣ’ಕ್ಕೆ ಆಧಾರವಾದದ್ದು ಇದೇ ಜಿನಸೇನರ ಪುರಾಣ.

ಇನ್ನೊಬ್ಬರು ಎಚ್. ನರಸಿಂಹಯ್ಯ. 1936ರಲ್ಲಿ ಗಾಂಧೀಜಿ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ ವಿದ್ಯಾರ್ಥಿ ಅವರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದರು, ಕೊನೆಯವರೆಗೂ ಖಾದಿ ಉಟ್ಟರು, ಕಾಲೇಜಿನ ಹಾಸ್ಟೆಲಿನಲ್ಲೇ ಬಾಳಿದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದವರೂ ಅವರೇ. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂಬುದು ಅವರ ಜೀವಮಾನದ ಬೋಧನೆ. ಬದುಕಿನ ಶಿಸ್ತಿನಲ್ಲಿ ಗಾಂಧಿಯನ್ನು ಅನುಸರಿಸಿ, ನಂಬಿಕೆಯ ವಿಷಯದಲ್ಲಿ ಗಾಂಧಿಯನ್ನು ಬಿಟ್ಟು ನಡೆಯಬಹುದು ಎಂದು ಅವರು ತೋರಿಸಿದರು.

ಇದೇ ನಾಡಿನಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಬಾಗಿಲಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. ಅದಕ್ಕೆ ಎರಡು ವರ್ಷ ಮುಂಚೆ ಪುಣೆಯಲ್ಲಿ, ಮೂಢನಂಬಿಕೆಯ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರರನ್ನು ಕೊಂದಿದ್ದರು. ವಾದಕ್ಕೆ ವಾದದಿಂದ ಉತ್ತರ ಕೊಡುವ ಹಳೆಯ ಕಸುಬು ಎಲ್ಲಿ ಕಳೆದುಹೋಯಿತು ಎಂಬ ಸಂಕಟ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಆ ಕಸುಬನ್ನು ಕೈಬಿಡದೆ ನಡೆಸಿದ ಇಬ್ಬರ ಕಥೆಯನ್ನು ನಾನು ಮತ್ತೆ ಮತ್ತೆ ಓದುವುದು ಅದಕ್ಕೇ.

ಸೇವಾಗ್ರಾಮಕ್ಕೆ ಬಂದ ನಾಸ್ತಿಕ

ಗಾಂಧೀಜಿಗೆ ನಾಸ್ತಿಕರ ಪರಿಚಯ ಹರೆಯದಲ್ಲೇ ಆಗಿತ್ತು. ಲಂಡನ್ನಿನಲ್ಲಿ ಓದುತ್ತಿದ್ದಾಗ, 1891ರಲ್ಲಿ, ಚಾರ್ಲ್ಸ್ ಬ್ರ್ಯಾಡ್‌ಲಾ ತೀರಿಕೊಂಡರು. ಬ್ರ್ಯಾಡ್‌ಲಾ ಇಂಗ್ಲೆಂಡಿನ ಹೆಸರಾಂತ ನಾಸ್ತಿಕ. 1880ರಲ್ಲಿ ಪಾರ್ಲಿಮೆಂಟಿಗೆ ಆರಿಸಿ ಬಂದರೂ, ದೇವರ ಹೆಸರಿನ ಪ್ರಮಾಣದ ಬದಲು ದೃಢೀಕರಣ ಮಾಡುತ್ತೇನೆ ಎಂದದ್ದಕ್ಕೆ ಒಳಗೆ ಬಿಡಲಿಲ್ಲ. ಮತ್ತೆ ಮತ್ತೆ ಗೆದ್ದು 1886ರಲ್ಲಷ್ಟೇ ಆಸನ ಪಡೆದರು. ಎರಡು ವರ್ಷಗಳ ಬಳಿಕ ಪ್ರಮಾಣವಚನದ ಕಾನೂನನ್ನೇ ಬದಲಿಸಿದರು. ನಮ್ಮ ಸಂವಿಧಾನದ ಮೂರನೇ ಅನುಸೂಚಿಯಲ್ಲಿ ದೇವರ ಹೆಸರಿನ ಪ್ರಮಾಣ ಮತ್ತು ಬರಿಯ ದೃಢೀಕರಣ, ಎರಡೂ ದಾರಿ ಇರುವುದರ ಹಿಂದೆ ಇಂಥ ಹೋರಾಟಗಳಿವೆ. 1889ರಲ್ಲಿ ಬ್ರ್ಯಾಡ್‌ಲಾ ಮುಂಬೈ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದರು. ಅವರ ಅಂತ್ಯಕ್ರಿಯೆಗೆ ತರುಣ ಗಾಂಧಿ ಹೋಗಿದ್ದರು.

ಹಿಂತಿರುಗುವಾಗ ರೈಲು ನಿಲ್ದಾಣದಲ್ಲಿ ಕಂಡದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ನಾಸ್ತಿಕನೊಬ್ಬ ಪಾದ್ರಿಯೊಬ್ಬರನ್ನು ಹಿಡಿದುಕೊಂಡು ಭೂಮಿಯ ಸುತ್ತಳತೆ ಹೇಳಿ, ನಿಮ್ಮ ದೇವರ ಅಳತೆ ಎಷ್ಟು, ಇರುವುದು ಎಲ್ಲಿ ಎಂದು ಪೀಡಿಸುತ್ತಿದ್ದ. ನಮ್ಮಿಬ್ಬರ ಎದೆಯಲ್ಲೂ ಇದ್ದಾನೆ ಎಂದರು ಪಾದ್ರಿ. ನನ್ನನ್ನು ಮಗು ಎಂದುಕೊಳ್ಳಬೇಡಿ ಎಂದು ಗೆದ್ದವನಂತೆ ಬೀಗಿದ ಆತ. ಪಾದ್ರಿ ಸುಮ್ಮನಾದರು. ನಾಸ್ತಿಕತೆಯ ಮೇಲೆ ತಮಗಿದ್ದ ಬೇಸರ ಇದರಿಂದ ಹೆಚ್ಚಿತು ಎನ್ನುತ್ತಾರೆ ಗಾಂಧೀಜಿ. ಆ ನಾಸ್ತಿಕ ವಾದದಲ್ಲಿ ಗೆದ್ದಿರಬಹುದು. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಇಪ್ಪತ್ತೊಂದರ ಹುಡುಗನನ್ನು ಮಾತ್ರ ಕಳೆದುಕೊಂಡ.

ಆದರೆ ಬ್ರ್ಯಾಡ್‌ಲಾ ಮೇಲಿನ ಗೌರವ ಗಾಂಧಿಯಲ್ಲಿ ಉಳಿಯಿತು. 1931ರ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ, ದೇವರೇ ಸತ್ಯ ಎನ್ನುತ್ತಿದ್ದ ತಾವು ಸತ್ಯವೇ ದೇವರು ಎಂದು ಹೇಳತೊಡಗಿದ್ದು ಏಕೆ ಎಂಬುದನ್ನು ವಿವರಿಸಿದಾಗ ಬ್ರ್ಯಾಡ್‌ಲಾ ಹೆಸರು ಬಂತು. ದೇವರನ್ನು ಅಲ್ಲಗಳೆದವರುಂಟು, ಸತ್ಯವನ್ನು ಅಲ್ಲಗಳೆದವರಿಲ್ಲ. ಬ್ರ್ಯಾಡ್‌ಲಾ ತಮ್ಮನ್ನು ನಾಸ್ತಿಕ ಎಂದುಕೊಂಡರೂ ನಾನು ಅವರನ್ನು ದೈವಭೀರು ಎಂದೇ ಕರೆಯುತ್ತೇನೆ ಎಂಬುದು ಗಾಂಧೀಜಿಯ ಮಾತಿನ ಸಾರ. ಆ ಹೆಸರನ್ನು ಬ್ರ್ಯಾಡ್‌ಲಾ ಒಪ್ಪುತ್ತಿರಲಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಉದಯನರ ಮೊರೆಯಲ್ಲಿದ್ದ ಪ್ರೀತಿಯೇ ಇಲ್ಲೂ ಇದೆ, ಅದೇ ಕೊರತೆಯೂ ಇದೆ. ಸತ್ತವನು ಎದ್ದು ಬಂದು ಆಕ್ಷೇಪಿಸುವುದಿಲ್ಲ. ಬದುಕಿದ್ದವನೊಬ್ಬ ಬಂದು ಆಕ್ಷೇಪಿಸಿದ.

ಆತನೇ ಗೋಪರಾಜು ರಾಮಚಂದ್ರರಾವ್, ಜನರ ಬಾಯಲ್ಲಿ ಗೋರಾ. 1902ರಲ್ಲಿ ಹುಟ್ಟಿದ ತೆಲುಗು ಬ್ರಾಹ್ಮಣ, ಸಸ್ಯಶಾಸ್ತ್ರದ ಮೇಷ್ಟ್ರು. ಜನಿವಾರ ತೆಗೆದದ್ದಕ್ಕೆ ತಂದೆಯ ಮನೆ ಬಿಡಬೇಕಾಯಿತು, ನಾಸ್ತಿಕತೆಯ ಕಾರಣಕ್ಕೆ ಕಾಲೇಜಿನ ಕೆ‌ಲಸ ಹೋಯಿತು. ಬಸುರಿಯಾಗಿದ್ದಾಗ ಹೆಂಡತಿ ಸರಸ್ವತಿ ಹೊರಗೆ ಬಂದು ಗ್ರಹಣ ನೋಡಿದರು. ಮಗು ಚೆನ್ನಾಗಿಯೇ ಹುಟ್ಟಿತು. ಉಪ್ಪಿನ ಸತ್ಯಾಗ್ರಹದ ವರ್ಷ ಹುಟ್ಟಿದ ಮಗನಿಗೆ ಲವಣಂ ಎಂದು ಹೆಸರಿಟ್ಟರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ತೆರೆದರು. ಅಸ್ಪೃಶ್ಯತೆಯ ವಿರುದ್ಧ ಅಲ್ಲಿ ಹುಣ್ಣಿಮೆಯ ರಾತ್ರಿ ಎಲ್ಲ ಜಾತಿಯವರೂ ಬಯಲಲ್ಲಿ ಜೊತೆಗೆ ಕೂತು ಉಣ್ಣುತ್ತಿದ್ದರು.

ಗೋರಾ 1930ರಲ್ಲೇ ಗಾಂಧೀಜಿಗೆ ಪತ್ರ ಬರೆದು, ನೀವು ದೇವರು ಎನ್ನುವಾಗ ಏನನ್ನು ಹೇಳುತ್ತೀರಿ ಎಂದು ಕೇಳಿದ್ದರು. ದೇವರು ಮನುಷ್ಯನ ಗ್ರಹಿಕೆಗೆ ಮೀರಿದವನು ಎಂಬ ಚುಟುಕು ಉತ್ತರ ಬಂತು. 1941ರಲ್ಲಿ, ನಾಸ್ತಿಕತೆಯ ದಾರಿಯಿಂದ ಅಸ್ಪೃಶ್ಯತೆ ತೊಡೆಯುವ ನಮ್ಮ ಕೆಲಸದ ಬಗ್ಗೆ ಮಾತಾಡಬೇಕು, ಬರಲೇ ಎಂದರು. ನಾಸ್ತಿಕತೆ ಎಂದರೆ ತನ್ನನ್ನೇ ಅಲ್ಲಗಳೆದಂತೆ, ನಿಮಗೆ ಸಿಕ್ಕ ಯಶಸ್ಸು ನಿಮ್ಮ ಪ್ರಾಮಾಣಿಕ ಸೇವೆಯದು, ಮಾತಿಗೆ ಬಿಡುವಿಲ್ಲ ಎಂದು ಗಾಂಧೀಜಿ ಬಾಗಿಲು ಮುಚ್ಚಿದರು. ಗೋರಾ ಬೇಸರಪಟ್ಟುಕೊಂಡು ಕೂರಲಿಲ್ಲ. ಕೆಲಸ ಮುಂದುವರಿಸಿದರು, 1942ರ ಚಳವಳಿಯಲ್ಲಿ ಜೈಲಿಗೂ ಹೋದರು. 1944ರ ನವೆಂಬರಿನಲ್ಲಿ ಆ ಬಾಗಿಲು ತೆರೆಯಿತು.

ಸೇವಾಗ್ರಾಮದಲ್ಲಿ ಎದುರಾದಾಗ ಗಾಂಧೀಜಿ ನಗುತ್ತಾ ಕೇಳಿದರು, ದೇವರಿಲ್ಲದವನ ಜೊತೆ ನಾನು ಏನು ಮಾತಾಡಲಿ ಎಂದು. ಬಾಪೂಜಿ, ನಾನು ದೇವರಿಲ್ಲದವನಲ್ಲ, ನಾಸ್ತಿಕ ಎಂದರು ಗೋರಾ. ನನ್ನಲ್ಲಿ ಏನೋ ಒಂದು ಕಡಿಮೆಯಾಗಿದೆ ಎಂದುಕೊಳ್ಳಬೇಡಿ, ಇದು ನಾನು ಯೋಚಿಸಿ ಕಟ್ಟಿಕೊಂಡ ಬದುಕಿನ ದಾರಿ ಎಂಬುದು ಅವರ ಉತ್ತರದ ಅಭಿಪ್ರಾಯ. ಬ್ರ್ಯಾಡ್‌ಲಾ ಪರವಾಗಿಯೂ ಯಾರೋ ಉತ್ತರ ಕೊಟ್ಟಂತೆ ನನಗೆ ಕೇಳಿಸುತ್ತದೆ.

ನಾಸ್ತಿಕತೆ ಏಕೆ ಬೇಕು ಎಂದಾಗ ಗೋರಾ ಸೃಷ್ಟಿಯ ತರ್ಕವನ್ನು ಎತ್ತಲಿಲ್ಲ. ಕಲ್ಕತ್ತೆಯ ಬೀದಿಯನ್ನು ವರ್ಣಿಸಿದರು. 1943ರ ಬಂಗಾಳದ ಬರದಲ್ಲಿ ಹಳ್ಳಿಗಳಿಂದ ಬಂದ ಬಡವರು ಸಿಹಿತಿಂಡಿಯ ಅಂಗಡಿಗಳ ಮುಂದೆಯೇ ಹಸಿದು ಸತ್ತರು. ಒಂದು ಎತ್ತೊ ನಾಯಿಯೊ ಆಗಿದ್ದರೆ ಎಷ್ಟು ಹೊಡೆದರೂ ಅಂಗಡಿಗೆ ಬಾಯಿ ಹಾಕುತ್ತಿತ್ತು. ಸಾವಿರಾರು ಜನ ಏಕೆ ಸುಮ್ಮನೆ ಸತ್ತರು? ಪೊಲೀಸರ ಭಯದಿಂದಲ್ಲ, ಜೈಲೂಟವಾದರೂ ಸಾವಿಗಿಂತ ಮೇಲಿತ್ತು. ಇದು ದೈವೇಚ್ಛೆ, ನಮ್ಮ ಹಣೆಬರಹ ಎಂದು ಹಸಿದವರು ನಂಬಿದ್ದರು. ಹೊಟ್ಟೆ ತುಂಬಿದ ಅಂಗಡಿಯವರೂ ದಾರಿಹೋಕರೂ ಹಾಗೇ ನಂಬಿದ್ದರು. ಈ ನಂಬಿಕೆ ಹೋದರೆ ಮನುಷ್ಯ ತನ್ನ ಕಾಲ ಮೇಲೆ ನಿಲ್ಲುತ್ತಾನೆ ಎಂಬುದು ಗೋರಾ ವಾದ. ಕುಮಾರಿಲರ ಗ್ರಂಥದಲ್ಲಿದ್ದ ಪ್ರಶ್ನೆ ಹೀಗೆ ಫುಟ್‌ಪಾತಿಗೆ ಇಳಿಯಿತು.

ಈ ವಾದಕ್ಕೆ ಉತ್ತರವೇ ಇಲ್ಲ ಎಂದಲ್ಲ. ಅದೇ ದೇವರನ್ನು ನಂಬಿ ಅನ್ಯಾಯದ ವಿರುದ್ಧ ಎದ್ದು ನಿಂತವರ ಪಟ್ಟಿ ಉದ್ದವಿದೆ, ಗಾಂಧೀಜಿಯೇ ಅದರಲ್ಲಿದ್ದಾರೆ. ಆದರೆ ಆ ಹೊತ್ತಿನಲ್ಲಿ ಅವರು ತಮ್ಮನ್ನೇ ಸಾಕ್ಷಿಯಾಗಿ ಮುಂದಿಡಲಿಲ್ಲ. ಕೇಳಿಸಿಕೊಂಡರು. ಗೋರಾ ದಾಖಲಿಸಿರುವಂತೆ, ನಿಮ್ಮ ಮಾತಿನಲ್ಲಿ ಒಂದು ಆದರ್ಶ ಕಾಣುತ್ತದೆ, ನನ್ನ ಆಸ್ತಿಕತೆ ಸರಿ ಎಂದಾಗಲಿ ನಿಮ್ಮ ನಾಸ್ತಿಕತೆ ತಪ್ಪು ಎಂದಾಗಲಿ ನಾನು ಹೇಳಲಾರೆ ಎಂದರು. ನಾವಿಬ್ಬರೂ ಸತ್ಯವನ್ನು ಹುಡುಕುವವರು. ಯಾರದು ಸರಿ ಎಂಬುದನ್ನು ಕೆಲಸದ ಫಲ ಹೇಳಲಿ. ಆಗ ನಾನು ನಿಮ್ಮ ದಾರಿಗೆ ಬಂದೇನು, ನೀವು ನನ್ನ ದಾರಿಗೆ ಬಂದೀರಿ, ಅಥವಾ ಇಬ್ಬರೂ ಮೂರನೆಯದೊಂದಕ್ಕೆ ಹೋದೇವು. ಬ್ರ್ಯಾಡ್‌ಲಾರನ್ನು ದೈವಭೀರು ಎಂದವರು ಹದಿಮೂರು ವರ್ಷದ ನಂತರ ಬಂದು ತಲುಪಿದ ಜಾಗ ಇದು. ಪ್ರಾರ್ಥನೆಯಿಲ್ಲದೆ ದಿನ ಕಳೆಯದ, ಎಪ್ಪತ್ತೈದು ವಯಸ್ಸಿನ ಮನುಷ್ಯನೊಬ್ಬ ತನ್ನ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದ ಮಾತನ್ನು ನಾನು ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ಓದಿಲ್ಲ.

ಪರೀಕ್ಷೆಯ ಒಂದು ಭಾಗ ಬೇಗನೆ ಬಂತು. ಗೋರಾ ತಮ್ಮ ಹಿರಿಯ ಮಗಳನ್ನು ಅಸ್ಪೃಶ್ಯರೆನಿಸಿಕೊಂಡ ಸಮುದಾಯದ ಯುವಕನಿಗೆ ಕೊಡಲು ನಿಶ್ಚಯಿಸಿದರು. ಗಾಂಧೀಜಿ ಆ ಹೊತ್ತಿಗೆ, ವಧೂವರರಲ್ಲಿ ಒಬ್ಬರು ಹರಿಜನರಾಗಿದ್ದರೆ ಮಾತ್ರ ಮದುವೆಗೆ ಆಶೀರ್ವಾದ ಎಂಬ ನಿಯಮ ಇಟ್ಟುಕೊಂಡಿದ್ದರು. ವರ ಕೆಲ ಕಾಲ ಸೇವಾಗ್ರಾಮದಲ್ಲಿದ್ದು ತಯಾರಾಗಲಿ, ಮದುವೆ ಇಲ್ಲೇ ಆಗಲಿ ಎಂದರು. ವಿಧಿಯಲ್ಲಿ ದೇವರ ಹೆಸರು ಬರುವ ಕಡೆ ಏನು ಮಾಡುವುದು? ಮದುವೆಯಾಗುವವರ ಮನೆ ನಾಸ್ತಿಕರದು. ಅಲ್ಲಿ ‘ಸತ್ಯದ ಹೆಸರಿನಲ್ಲಿ’ ಎಂದು ಹೇಳಿಸಲು ಗಾಂಧೀಜಿ ಒಪ್ಪಿದರು. ಸತ್ಯ ಎಂಬ ಮಾತನ್ನು ಅವರು ನಾಸ್ತಿಕನ ಮೇಲೆ ಹೊದಿಸಿದ್ದು ಒಂದು ಕಾಲ; ಈಗ ನಾಸ್ತಿಕ ತನ್ನ ಬಾಯಾರೆ ನುಡಿಯಬಲ್ಲ ಮಾತಾಗಿ ಅದನ್ನೇ ಬಿಟ್ಟುಕೊಟ್ಟರು.

ಮದುವೆ ನೋಡಲು ಅವರು ಉಳಿಯಲಿಲ್ಲ. ಮದುವೆಯ ಹೊತ್ತಿಗೆ ಅವರ ಹತ್ಯೆಯಾಗಿ ಆರು ವಾರ ಕಳೆದಿತ್ತು. ಆಶ್ರಮದವರು ಕೊಟ್ಟ ಮಾತು ನಡೆಸಿದರು. 1948ರ ಮಾರ್ಚ್ 13ರಂದು ಸೇವಾಗ್ರಾಮದಲ್ಲಿ ಮದುವೆ ಆಯಿತು.

ಗೋರಾ ಈ ಭೇಟಿಗಳನ್ನೆಲ್ಲ ಬರೆದಿಟ್ಟ ಪುಸ್ತಕವನ್ನು 1951ರಲ್ಲಿ ಪ್ರಕಟಿಸಿದ್ದು ಗಾಂಧೀಜಿಯೇ ಕಟ್ಟಿದ ನವಜೀವನ ಸಂಸ್ಥೆ. ಮುನ್ನುಡಿ ಬರೆದವರು ‘ಹರಿಜನ’ ಪತ್ರಿಕೆಯ ಸಂಪಾದಕರಾಗಿದ್ದ ಕಿಶೋರಲಾಲ್ ಮಶ್ರುವಾಲಾ. ಗೋರಾ ಆಸ್ತಿಕರಾಗಲಿಲ್ಲ. 1975ರ ಜುಲೈ 26ರಂದು ವಿಜಯವಾಡದಲ್ಲಿ ಸಭೆಯೊಂದರಲ್ಲಿ ಮಾತಾಡುತ್ತಿದ್ದಾಗಲೇ ತೀರಿಕೊಂಡರು. ಸರಸ್ವತಿ 2006ರವರೆಗೆ ಬದುಕಿ ಕೇಂದ್ರವನ್ನು ನಡೆಸಿದರು. ಅವರಿಗೆ ಬಂದ ಗೌರವಗಳಲ್ಲಿ ಗಾಂಧೀಜಿಯ ಒಡನಾಡಿ ಜಮ್ನಾಲಾಲ್ ಬಜಾಜ್ ಹೆಸರಿನ ಪ್ರಶಸ್ತಿಯೂ, ಕರ್ನಾಟಕ ಸರ್ಕಾರದ ಬಸವ ಪುರಸ್ಕಾರವೂ ಸೇರಿವೆ.